ಮೈಗೆ ಒರಗಿ ಹರಿಯುವ ಗಾಳಿ

ದುಂಡನೆಯ ಬಾಟಲಿಯೊಂದರ ಹಿಂದೆ ಮೇಣದಬತ್ತಿ ಹಚ್ಚಿಟ್ಟು, ಈಚೆಯಿಂದ ಬಾಟಲಿಗೆ ನೇರವಾಗಿ ಊದಿ. ಬತ್ತಿ ಆರುತ್ತದೆ. ಬಾಟಲಿ ತೆಗೆದು ಅಷ್ಟೇ ಅಗಲದ ಚೌಕ ಡಬ್ಬ ಇಟ್ಟು ಊದಿದರೆ ಜ್ವಾಲೆ ಸುಲಭಕ್ಕೆ ಆರದು. ದುಂಡನೆಯ ಮೈಯನ್ನು ಗಾಳಿ ಬಳಸಿಕೊಂಡು ಹೋಗುತ್ತದೆ, ಚೂಪು ಮೂಲೆಯಲ್ಲಿ ಕೈಬಿಡುತ್ತದೆ. ಇದನ್ನು ಕೊವಾಂಡಾ ಪರಿಣಾಮ ಎನ್ನುತ್ತಾರೆ.

ಹೆಸರಿಗಿಂತ ಗಮನಿಕೆ ಹಳೆಯದು. ಊದುಕೊಳವೆಯ ಗಾಳಿಯತ್ತ ಜ್ವಾಲೆ ವಾಲುವುದೂ ಅಡ್ಡಿಯೊಂದರ ಬಳಿ ಗಾಳಿ ಬಾಗುವುದೂ ಒಂದೇ ಬಗೆಯ ಒತ್ತಡದಿಂದ ಇರಬೇಕೆಂದು ಥಾಮಸ್ ಯಂಗ್ 1800ರಲ್ಲೇ ಬರೆದಿದ್ದ. ರುಮೇನಿಯಾದ ಹೆನ್ರಿ ಕೊವಾಂಡಾ ಇದನ್ನು ಉಪಕರಣವಾಗಿಸಿ 1934ರಲ್ಲಿ ಫ್ರಾನ್ಸಿನಲ್ಲೂ 1936ರಲ್ಲಿ ಅಮೆರಿಕದಲ್ಲೂ ಪೇಟೆಂಟ್ ಪಡೆದರು.

ಕಾರಣ ಅಂಟುಗುಣವಲ್ಲ. ಲೋಟದ ಅಂಚಿಗೆ ಹತ್ತಿ ಕೆಳಗೆ ಜಾರುವ ಕಾಫಿಯಲ್ಲಿ ಮೇಲ್ಮೈ ಸೆಳೆತದ ಪಾಲು ದೊಡ್ಡದು, ಅದು ಬೇರೆ ಸಂಗತಿ. ಪ್ರಕ್ಷುಬ್ಧ ಜೆಟ್, ಅಂದರೆ ರಭಸದಿಂದ ಚಿಮ್ಮುವ ಗಾಳಿಧಾರೆ, ಸುಳಿಗಳಿಂದ ತುಂಬಿದ್ದು, ಸುತ್ತಲಿನ ಗಾಳಿಯನ್ನು ಸದಾ ತನ್ನೊಳಗೆ ಎಳೆದುಕೊಳ್ಳುತ್ತದೆ. ಒಂದು ಬದಿಯಲ್ಲಿ ಗೋಡೆಯಿದ್ದರೆ ಎಳೆದುಕೊಂಡಷ್ಟು ಗಾಳಿ ಆ ಬದಿಗೆ ಮತ್ತೆ ಬಂದು ತುಂಬಲಾರದು. ಅಲ್ಲಿ ಒತ್ತಡ ಇಳಿಯುತ್ತದೆ, ಆಚೆಬದಿಯ ಗಾಳಿ ಜೆಟ್ಟನ್ನು ಗೋಡೆಗೆ ಒತ್ತುತ್ತದೆ.

ಇದನ್ನು ಅಳತೆಗೆ ತಂದದ್ದು ಬೇರೆ ಸಂಶೋಧಕರು. ಗೋಡೆಯುದ್ದಕ್ಕೂ ಹರಿಯುವ ಜೆಟ್ಟಿನ ವೇಗವನ್ನು ಜರ್ಮನಿಯಲ್ಲಿ ಫೋರ್ಥ್‌ಮನ್ 1934ರಲ್ಲಿ ಅಳೆದರು. 1956ರಲ್ಲಿ ಗ್ಲಾವರ್ಟ್ 'ವಾಲ್ ಜೆಟ್'ಗೆ ಗಣಿತದ ರೂಪ ಕೊಟ್ಟರು. ಬೂರ್ಕ್ ಮತ್ತು ನ್ಯೂಮನ್ 1960ರಲ್ಲಿ, ದೂರ ಸರಿದ ಜೆಟ್ ಮತ್ತೆ ಗೋಡೆಗೆ ಎಲ್ಲಿ ಬಂದು ತಾಗುತ್ತದೆ ಎಂಬುದನ್ನು ಲೆಕ್ಕ ಹಾಕಿದರು. ಮರುವರ್ಷ ನ್ಯೂಮನ್ ಉರುಳೆಯ ಮೈಮೇಲೆ ಹಾಯಿಸಿದ ಜೆಟ್ಟಿನ ವಿವರ ಪ್ರಕಟಿಸಿದರು: ವೇಗ ಸಾಕಷ್ಟಿದ್ದು ಜೆಟ್ ತೆಳುವಾಗಿದ್ದರೆ ಅದು ಸುಮಾರು 240 ಡಿಗ್ರಿ ಬಳಸಿದ ಮೇಲಷ್ಟೇ ಮೈ ಬಿಡುತ್ತದೆ. ಹೊರಟ ದಿಕ್ಕಿಗೆ ಬೆನ್ನು ತಿರುಗಿಸಿ, ಇನ್ನೂ 60 ಡಿಗ್ರಿ ಮುಂದೆ ಹೋಗಿರುತ್ತದೆ!

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರೊದ್ದಂ ನರಸಿಂಹ ಮತ್ತು ಇಬ್ಬರು ಸಹಲೇಖಕರು 1973ರಲ್ಲಿ ಸರಳವಾದ, ಆಳವಾದ ಮಾತೊಂದನ್ನು ಮುಂದಿಟ್ಟರು. ಅದುವರೆಗೆ ಎಲ್ಲರೂ ಜೆಟ್ಟನ್ನು ಅದು ಹೊರಟ ಸೀಳಿನ ಅಗಲದಿಂದ ಅಳೆಯುತ್ತಿದ್ದರು. ದೂರ ಸಾಗಿದ ಜೆಟ್ಟಿಗೆ ಆ ಅಗಲದ ನೆನಪು ಇರುವುದಿಲ್ಲ; ಅದು ಹೊತ್ತು ತಂದ ಸಂವೇಗ ಮತ್ತು ಗಾಳಿಯ ಸ್ನಿಗ್ಧತೆ ಇವೆರಡೇ ಸಾಕು ಎಂದರು. ವಿಗ್ನಾನ್ಸ್ಕಿ ಮತ್ತು ಸಂಗಡಿಗರ 1992ರ ಪ್ರಯೋಗಗಳು ಇದಕ್ಕೆ ಬಲ ಕೊಟ್ಟವು.

ಬಳಕೆಯೂ ಜೊತೆಯಲ್ಲೇ ಬೆಳೆಯಿತು. ಎರಡು ಗೋಡೆಗಳ ನಡುವೆ ಜೆಟ್ ಯಾವುದಾದರೂ ಒಂದಕ್ಕೆ ಒರಗಿ ನಿಲ್ಲುವುದನ್ನೇ ಸ್ವಿಚ್ಚಾಗಿಸಿ, ಚಲಿಸುವ ಭಾಗಗಳಿಲ್ಲದ ನಿಯಂತ್ರಣ ಉಪಕರಣಗಳು 1960ರ ಸುಮಾರಿಗೆ ಅಮೆರಿಕದಲ್ಲಿ ಬಂದವು. ಬೋಯಿಂಗ್ ವೈಸಿ-14 (1976) ಮತ್ತು ಆಂಟೊನೊವ್ ಆನ್-72 (1977) ವಿಮಾನಗಳು ಎಂಜಿನ್ನಿನ ಜೆಟ್ಟನ್ನು ರೆಕ್ಕೆಯ ಮೇಲ್ಮೈಗೆ ಹಾಯಿಸಿ ಚಿಕ್ಕ ರನ್‌ವೇಗಳಲ್ಲಿ ಏರಿಳಿದವು. ಕಚೇರಿಯ ಎಸಿ ಗಾಳಿ ತಾರಸಿಯ ಅಡಿಮೈ ಹಿಡಿದು ಕೋಣೆಯ ಒಳಗಿನವರೆಗೆ ಸಾಗುವುದೂ ಇದರಿಂದಲೇ.

ಮತ್ತೆ ಅಳತೆಯ ಕಥೆಗೆ ಬಂದರೆ, ಲಾಂಡರ್ ಮತ್ತು ರೋಡಿ 1980ರ ದಶಕದ ಆರಂಭದಲ್ಲಿ ಹತ್ತಾರು ಪ್ರಯೋಗಗಳನ್ನು ಜರಡಿ ಹಿಡಿದರು. ಬಯಲಿನ ಜೆಟ್ ಮೀಟರಿಗೆ ಸುಮಾರು 11 ಸೆಂ.ಮೀ. ಹರಡಿದರೆ, ಗೋಡೆಗೆ ಒರಗಿದ ಜೆಟ್ ಸುಮಾರು 7.3 ಸೆಂ.ಮೀ. ಅಷ್ಟೇ ಹರಡುತ್ತದೆ. ಗೋಡೆಯು ಸುಳಿಗಳನ್ನು ಅದುಮಿ ಹಿಡಿಯುತ್ತದೆ. ಇನ್ನೊಂದು ವಿಚಿತ್ರವೂ ದೃಢಪಟ್ಟಿತು: ವೇಗ ಅತಿ ಹೆಚ್ಚಿರುವ ಜಾಗದಲ್ಲಿ ಘರ್ಷಣೆ ಸೊನ್ನೆಯಾಗುವುದಿಲ್ಲ, ಗೋಡೆಗೆ ಇನ್ನೂ ಹತ್ತಿರದಲ್ಲಿ ಆಗುತ್ತದೆ. ಕಂಪ್ಯೂಟರುಗಳಲ್ಲಿ ದಿನವೂ ಓಡುವ ಸಾಮಾನ್ಯ ಮಾದರಿಗಳು ಈ ಎರಡನ್ನೂ ಒಂದೇ ಜಾಗದಲ್ಲಿ ಕೂಡಿಸುತ್ತವೆ, ಹರಡುವಿಕೆಯನ್ನೂ ಹೆಚ್ಚಾಗಿ ತೋರಿಸುತ್ತವೆ. ಆದ್ದರಿಂದ ಗೋಡೆಗೆ ಒರಗಿದ ಜೆಟ್ಟಿನ ವಿಷಯದಲ್ಲಿ ಕಂಪ್ಯೂಟರಿನ ಉತ್ತರವನ್ನು ಪ್ರಯೋಗಶಾಲೆಯ ಅಳತೆಯೊಂದಿಗೆ ತಾಳೆ ನೋಡಿಯೇ ನಂಬಬೇಕು.