ಕೀ ತಿರುಗಿಸುವ ಮುನ್ನ: ನಮ್ಮೂರ ಲಾರಿಗಳ ವೈರಿಂಗ್ ಕತೆ

ಕಳೆದ ಈರುಳ್ಳಿ ಸುಗ್ಗಿಯಲ್ಲಿ ಅಜ್ಜಂಪುರದ ಕಡೆಯಿಂದ ಯಶವಂತಪುರದ ಮಾರುಕಟ್ಟೆಗೆ ಹೊರಟಿದ್ದ ಹಳೆಯ ಟಾಟಾ 1210 ಲಾರಿಯೊಂದು ಬೀರೂರಿಗೂ ಮೊದಲೇ ಕೈಕೊಟ್ಟಿತು. ಟೀ ಕುಡಿದು ಬಂದ ಡ್ರೈವರ್ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯಲಿಲ್ಲ. ಡ್ಯಾಶ್‌ಬೋರ್ಡಿನ ಒಳಗಿಂದ ಸುಟ್ಟ ವೈರಿನ ವಾಸನೆ ಬಂತು. ಈರುಳ್ಳಿ ದರದ ಸುದ್ದಿಗೆಂದು ಅದೇ ದಾರಿಯಲ್ಲಿದ್ದ ನಾವೂ ತಳ್ಳಲು ಕೈ ಹಾಕಿದೆವು. ಇಳಿಜಾರಿತ್ತು, ಲಾರಿ ಉರುಳಿತು, ಗೇರಿಗೆ ಬಿದ್ದ ಕೂಡಲೇ ಎಂಜಿನ್ ಹತ್ತಿಕೊಂಡಿತು. ಕೀ ಸ್ವಿಚ್ ಸುಟ್ಟುಹೋಗಿದ್ದರೂ ಲಾರಿ ಕಡೂರಿನವರೆಗೆ ಓಡಿತು.

ಅದು ಹೇಗೆ? ಈ ಪ್ರಶ್ನೆ ಹಿಡಿದು ಹೊರಟರೆ ನಮ್ಮ ಸೀಮೆಯ ಸಾಗಣೆಯ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಹೊರೆ ಎಳೆಯುವುದು ಈ ನೆಲಕ್ಕೆ ಹೊಸದಲ್ಲ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಾಗಿ ಶುರುವಾಗಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿಕೊಂಡ ದನಗಳು ಫಿರಂಗಿ ಎಳೆದವು. ಆ ತಳಿಯ ಕೇಂದ್ರ 1929ರಲ್ಲಿ ಅಜ್ಜಂಪುರದಲ್ಲೇ ನೆಲೆಯಾಯಿತು. 1899ರಲ್ಲಿ ಬೀರೂರು–ಶಿವಮೊಗ್ಗ ರೈಲು ತರೀಕೆರೆ ಮೇಲೆ ಹಾದು ಬಂತು. ಆದರೆ ರೈಲು ಹೊಲದ ಬದುವಿಗೆ ಬರುವುದಿಲ್ಲ. ಹೊಲದಿಂದ ಸ್ಟೇಷನ್ನಿಗೆ ಗಾಡಿಯೇ ಬೇಕಿತ್ತು. ಆ ಗಾಡಿಯ ಜಾಗಕ್ಕೆ ಮೆಲ್ಲಗೆ ಬಂದದ್ದು ಮೋಟಾರು.

ಮೊದಲ ಮೋಟಾರುಗಳು ಪೆಟ್ರೋಲಿನವು. ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಹೊಡೆಯುವವನ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂದ ಮೇಲೆ ಆ ಕಷ್ಟ ನಿಧಾನಕ್ಕೆ ತಪ್ಪಿತು. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು. ಕಿಡಿಗೆ ಕರೆಂಟ್ ಕೊಡುವ, ತಪ್ಪಿಸುವ ಸ್ವಿಚ್ಚೇ ಇಗ್ನಿಷನ್ ಸ್ವಿಚ್. ಅದನ್ನು ಆಫ್ ಮಾಡಿದರೆ ಎಂಜಿನ್ ನಿಲ್ಲುತ್ತದೆ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ಮೈಸೂರು ಸೀಮೆಯ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಗ್ಯಾಸಿನಲ್ಲಿ ಓಡಿದವು. ಆಗಲೂ ಕಿಡಿ ಬೇಕೇ ಇತ್ತು.

ಲೆಕ್ಕ ಬದಲಾದದ್ದು ಡೀಸೆಲ್ ಬಂದಾಗ. 1945ರಲ್ಲಿ ಹುಟ್ಟಿದ ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಜಮ್ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. 1969ರಲ್ಲಿ ಒಪ್ಪಂದ ಮುಗಿದಾಗ ಮುಂದಿನ ನಕ್ಷತ್ರ ಹೋಗಿ ‘ಟಿ’ ಬಂತು. ನಮ್ಮ ಹಿರಿಯರ ಬಾಯಲ್ಲಿ ಮಾತ್ರ ಅದು ‘ಬೆಂಜ್ ಲಾರಿ’ಯಾಗಿಯೇ ಉಳಿಯಿತು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಒತ್ತಿ ಕಾಯಿಸಿ, ಅದರೊಳಕ್ಕೆ ಪಂಪು ಎಣ್ಣೆ ಚಿಮ್ಮಿಸಿದರೆ ತಾನೇ ಉರಿಯುತ್ತದೆ. ಹಾಗಾಗಿ ಹಳೆಯ ಲಾರಿಯಲ್ಲಿ ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ; ಎಣ್ಣೆ ತಡೆಯುವ ನಾಬ್ ಎಳೆಯಬೇಕು. ಸೆಲ್ಫ್, ಮೀಟರು, ಚಾರ್ಜಿಂಗ್ ದೀಪ, ಇಷ್ಟಕ್ಕೆ ಮಾತ್ರ ಕೀ. ಇಗ್ನಿಷನ್ ಎಂಬ ಹೆಸರು ಪೆಟ್ರೋಲ್ ಕಾಲದಿಂದ ಉಳಿದು ಬಂದದ್ದು. ತಳ್ಳಿದ ಲಾರಿ ಓಡಿದ್ದು ಇದಕ್ಕೇ.

ಇನ್ನೊಂದು ಕಡೆ, 1948ರ ಅಶೋಕ್ ಮೋಟಾರ್ಸ್ 1955ರಲ್ಲಿ ಬ್ರಿಟನ್ನಿನ ಲೇಲ್ಯಾಂಡ್ ಸೇರಿಸಿಕೊಂಡು ಅಶೋಕ್ ಲೇಲ್ಯಾಂಡ್ ಆಯಿತು. ಬಿಡಿಭಾಗಗಳಿಗೆ 1951ರಲ್ಲಿ ಬೆಂಗಳೂರಿನಲ್ಲಿ ಮೈಕೊ, 1961ರಲ್ಲಿ ಮದರಾಸಿನಲ್ಲಿ ಲ್ಯೂಕಾಸ್ ಟಿವಿಎಸ್ ಬಂದವು. ಒಂದು ಜರ್ಮನ್ ಮನೆತನ, ಇನ್ನೊಂದು ಬ್ರಿಟಿಷ್. ವೈರಿನ ಬಣ್ಣದಲ್ಲೂ ಇವೆರಡು ಒಂದಲ್ಲ. ಬ್ರಿಟಿಷ್ ಲ್ಯೂಕಾಸ್ ಪದ್ಧತಿಯಲ್ಲಿ ಕಂದು ಬಣ್ಣ ಬ್ಯಾಟರಿಯ ನೇರ ಕರೆಂಟು, ಕಪ್ಪು ಅರ್ತ್. ಜರ್ಮನ್ ಪದ್ಧತಿಯಲ್ಲಿ ಕಂದು ಅರ್ತ್, ಕೆಂಪು ಬ್ಯಾಟರಿ, ಕಪ್ಪು ಕೀ ಹಾಕಿದ ಮೇಲೆ ಬರುವ ಕರೆಂಟು. ಒಂದೇ ಶೆಡ್ಡಿನಲ್ಲಿ ಎರಡೂ ಲಾರಿ ನಿಂತಾಗ ಬಣ್ಣ ನಂಬಿದವನ ಕೈ ಸುಡುವುದು ಖಚಿತ.

ಇದರ ಮೇಲೆ ನಮ್ಮದೇ ಸೇರ್ಪಡೆ. ಆಗೆಲ್ಲ ಕಂಪನಿ ಕೊಡುತ್ತಿದ್ದದ್ದು ಬಹುಪಾಲು ಬರೀ ಚಾಸಿ. ಕ್ಯಾಬಿನ್ನು, ಬಾಡಿ ಕಟ್ಟಿದವರು ಊರಿನ ಬಡಗಿ, ವೆಲ್ಡರ್‌ಗಳು. ಹಿಂದಿನ ದೀಪಗಳಿಗೆ ವೈರ್ ಎಳೆದವರು ಊರಿನ ಎಲೆಕ್ಟ್ರಿಷಿಯನ್‌ಗಳು. ಆಮೇಲೆ ಒಬ್ಬ ಓನರ್ ಫ್ಯಾನ್ ಹಾಕಿಸಿದ, ಇನ್ನೊಬ್ಬ ಟೇಪ್‌ರೆಕಾರ್ಡರ್, ಮತ್ತೊಬ್ಬ ಹಣೆಯ ಮೇಲೆ ನಾಲ್ಕು ದೀಪ. ಎಲ್ಲಕ್ಕೂ ಕರೆಂಟು ಕದ್ದದ್ದು ಕೀ ಸ್ವಿಚ್ಚಿನಿಂದ. ಕಂಪನಿಯ ನಕ್ಷೆ ಇದನ್ನೆಲ್ಲ ತಿಳಿಯದು.

ಕಡೂರಿನ ಶೆಡ್ಡಿನಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಕಂಡದ್ದು ಇದೇ. ಅರವತ್ತು ದಾಟಿದ ಮೇಸ್ತ್ರಿ ನಮ್ಮ ಕಡೆ ತಿರುಗಿ, “ನೋಡಿ ಸಾರ್, ಒಂದು ಎತ್ತಿಗೆ ನಾಲ್ಕು ಗಾಡಿ ಕಟ್ಟವ್ರೆ” ಎಂದರು. ಲೆಕ್ಕ ಸರಳ: 12 ವೋಲ್ಟಿನ ಬಂಡಿಯಲ್ಲಿ 60 ವಾಟಿನ ನಾಲ್ಕು ದೀಪ ಉರಿದರೆ 20 ಆಂಪಿಯರ್. ಅಷ್ಟೂ ಸ್ವಿಚ್ಚಿನೊಳಗಿನ ಪುಟ್ಟ ಹಿತ್ತಾಳೆ ತುಂಡಿನ ಮೇಲೆ ಹರಿದರೆ ಅದು ಕಾದು ಸುಡದೆ ಇರುತ್ತದೆಯೇ?

ಅವರು ಮೊದಲು ಬ್ಯಾಟರಿಯ ಅರ್ತ್ ಕಳಚಿದರು. ಬ್ಯಾಟರಿಯಿಂದ ಸ್ವಿಚ್ಚಿಗೆ ಬರುವ ವೈರಿಗೆ ಆ ಬಂಡಿಯಲ್ಲಿ ಫ್ಯೂಸೇ ಇರಲಿಲ್ಲ. ಅದು ಕಬ್ಬಿಣಕ್ಕೆ ತಗುಲಿದರೆ ಬೆಂಕಿ. ಪ್ರತಿ ವೈರಿಗೂ ಬಿಳಿ ಟೇಪ್ ಸುತ್ತಿ ಗುರುತು ಹಾಕಿದರು. ಬಳಿಕ ಬ್ಯಾಟರಿ ಜೋಡಿಸಿ, ಟೆಸ್ಟ್ ಲ್ಯಾಂಪ್ ಹಿಡಿದು ಸದಾ ಕರೆಂಟಿರುವ ವೈರನ್ನು ಹುಡುಕಿದರು: ಹೊಸ ಸ್ವಿಚ್ಚಿನ 30ನೇ ನಂಬರಿಗೆ ಅದು. ಮೀಟರು, ಚಾರ್ಜಿಂಗ್ ದೀಪದ ವೈರು 15ಕ್ಕೆ, ಸೆಲ್ಫಿನದು 50ಕ್ಕೆ. ಮತ್ತೆ ಅರ್ತ್ ಕಳಚಿ ಬಿಗಿದರು. ಈ ನಂಬರುಗಳೂ ಜರ್ಮನಿಯಿಂದ ಬಂದವೇ. ಹಣೆಯ ದೀಪಗಳಿಗೆ ಬೇರೆ ಫ್ಯೂಸ್, ರಿಲೇ ಹಾಕಿದರು. ದೀಪದ ಭಾರ ಈಗ ರಿಲೇ ಹೊರುತ್ತದೆ. ಸ್ವಿಚ್ ಅದಕ್ಕೆ ಅಪ್ಪಣೆ ಕೊಟ್ಟರೆ ಸಾಕು.

ಓನರ್ ಅಷ್ಟೂ ಹೊತ್ತು ಲೋಡಿನ ಕಡೆಯೇ ನೋಡುತ್ತಿದ್ದರು. ಬೆಳಗಿನ ಹರಾಜು ತಪ್ಪಿದರೆ ಅವರ ಬಾಡಿಗೆಯೂ ಹೋಗುತ್ತದೆ, ರೈತನ ದರವೂ ಬೀಳುತ್ತದೆ. “ಗುಜರಿಗೆ ಹಾಕಿ ಅಂತಾರೆ ಎಲ್ರೂ. ಹಾಕಿದ್ ಮೇಲೆ ನಾನ್ ಏನ್ ಓಡಿಸ್ಲಿ ಅಣ್ಣಾ?” ಎಂದು ಮೇಸ್ತ್ರಿಯನ್ನು ಕೇಳಿದರು. ಮೇಸ್ತ್ರಿ ಉತ್ತರಿಸಲಿಲ್ಲ.

2021ರ ಗುಜರಿ ನೀತಿಯ ನಂತರ ಹದಿನೈದು ವರ್ಷ ದಾಟಿದ ಬಂಡಿಗಳ ಮೇಲೆ ಒತ್ತಡ ಹೆಚ್ಚಿದೆ. ಹೊಗೆ, ಬ್ರೇಕಿನ ವಿಷಯದಲ್ಲಿ ಅದು ತಪ್ಪೆಂದು ನಾವು ಹೇಳುವುದಿಲ್ಲ. ಸುಟ್ಟ ಸ್ವಿಚ್ಚಿನ ಲಾರಿಯನ್ನು ಹಾಗೇ ಓಡಿಸುವುದು ದಾರಿಯಲ್ಲಿರುವ ಎಲ್ಲರಿಗೂ ಅಪಾಯ. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್-6 ಲಾರಿಗಳಲ್ಲಿ ಕೀ ಮಾತಾಡುವುದು ಕಂಪ್ಯೂಟರಿನ ಜೊತೆ. ಟೆಸ್ಟ್ ಲ್ಯಾಂಪ್ ಅಲ್ಲಿ ಹೆಚ್ಚು ನಡೆಯದು. ಆದರೆ ಹಳೆಯ ಬಂಡಿಗಳು ಉಳಿದಿರುವವರೆಗೆ ಅವುಗಳ ನಕ್ಷೆ ಇರುವುದು ಇಂಥ ಮೇಸ್ತ್ರಿಗಳ ತಲೆಯಲ್ಲಿ ಮಾತ್ರ. ಅವರ ಶೆಡ್ಡಿನಲ್ಲಿ ಕೆಲಸ ಕಲಿಯುವ ಹುಡುಗರು ಯಾರೂ ಇರಲಿಲ್ಲ.

ಹೊರಡುವ ಮೊದಲು ಅವರು ಹೇಳಿದಂತೆ ಆ ಲಾರಿಯ ವೈರಿಂಗನ್ನು ನಮ್ಮ ನೋಟ್‌ಬುಕ್ಕಿನ ಎರಡು ಹಾಳೆಯಲ್ಲಿ ಬರೆದುಕೊಂಡೆವು. ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಎಫ್‌ಸಿ ಕಾಗದದ ಜೊತೆ ಇಡಲು ಓನರಿಗೆ ಕೊಟ್ಟೆವು. ಕತ್ತಲಾಗುವ ಹೊತ್ತಿಗೆ ಸೆಲ್ಫ್ ಹೊಡೆಯಿತು. ಲಾರಿ ಬೆಂಗಳೂರಿನ ದಾರಿ ಹಿಡಿಯಿತು.