ಬಾವಿಯ ಕೊನೆಯ ಮೆಟ್ಟಿಲು

ಮೆಟ್ಟಿಲುಬಾವಿಗಳ ಬಗ್ಗೆ ಬರೆಯುವಾಗ ನಾವು ಶಿಲ್ಪ, ಶಾಸನ, ಕಟ್ಟಿಸಿದವರ ಪುಣ್ಯ ಇಷ್ಟರಲ್ಲೇ ಮಾತು ಮುಗಿಸುತ್ತೇವೆ. ಲಕ್ಕುಂಡಿಯ ಮುಸುಕಿನ ಬಾವಿಯಂಥದ್ದನ್ನು ಕಂಡರೆ ಹಾಗಾಗುವುದು ಸಹಜವೇ. ಆದರೆ ಹಳ್ಳಿಗಾಡಿನ ಕುಡಿಯುವ ನೀರಿನ ಚರಿತ್ರೆಯನ್ನು ಸಂಶೋಧನೆಗಾಗಿ ಓದತೊಡಗಿದ ಮೇಲೆ, ಯಾವ ಬಾವಿಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಕೊನೆಯ ಮೆಟ್ಟಿಲನ್ನು; ಅಂದರೆ, ನೀರಿಗೆ ಇಳಿದವರ ಕಾಲು ನೀರನ್ನು ಮುಟ್ಟುವ ಜಾಗವನ್ನು. ನಾರುಹುಣ್ಣು ಹರಡುತ್ತಿದ್ದುದು ಅಂಥ ಜಾಗಗಳಿಂದ.

ಇಂದಿನ ವಿದ್ಯಾರ್ಥಿಗಳಿಗೆ ಈ ರೋಗದ ಹೆಸರೇ ಗೊತ್ತಿರಲಿಕ್ಕಿಲ್ಲ. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಒಳಗಿನಿಂದ ಬಿಳಿಯ ದಾರದಂಥ ಗಿನಿ ಹುಳು ಹೊರಬರುತ್ತದೆ. ಒಂದು ಮೀಟರಿನವರೆಗೂ ಉದ್ದವಿರಬಹುದು. ಜೋರಾಗಿ ಎಳೆದರೆ ತುಂಡಾಗಿ ಕೀವು ತುಂಬುತ್ತದೆ. ಹಾಗಾಗಿ ಕಡ್ಡಿಗೆ ಸುತ್ತುತ್ತ, ದಿನಕ್ಕಿಷ್ಟು ಎಂದು ವಾರಗಟ್ಟಲೆ ತೆಗೆಯಬೇಕು. ಕೂಲಿಯವರ ಮನೆಯಲ್ಲಿ ಅಷ್ಟು ದಿನ ಒಬ್ಬರು ಮಲಗಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಉರಿ ತಾಳದೆ ರೋಗಿ ಕಾಲನ್ನು ನೀರಿಗಿಳಿಸಿದರೆ ಹುಳು ಅಲ್ಲಿ ಮರಿಗಳನ್ನು ಬಿಡುತ್ತದೆ. ಸೈಕ್ಲಾಪ್ಸ್ ಎಂಬ ನೀರಿನ ಪುಟ್ಟ ಜೀವಿ ಆ ಮರಿಗಳನ್ನು ನುಂಗುತ್ತದೆ. ಆ ನೀರು ಕುಡಿದವರಿಗೆ ಹುಣ್ಣು ಏಳುವುದು ಸುಮಾರು ಒಂದು ವರ್ಷದ ನಂತರ. ಹೋದ ವರ್ಷ ಕುಡಿದ ನೀರಿನ ಮೇಲೆ ಈ ವರ್ಷ ಯಾರಿಗೆ ಅನುಮಾನ ಬಂದೀತು?

ಇದಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇಲ್ಲ. ರಾಜಸ್ಥಾನ, ಮಧ್ಯಪ್ರದೇಶ, ಮಹಾರಾಷ್ಟ್ರಗಳಂತೆ ಕರ್ನಾಟಕದಲ್ಲೂ ಈ ರೋಗವಿತ್ತು. 1983-84ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮ ಹಿಡಿದದ್ದು ಸರಳ ದಾರಿ: ರೋಗಿಗಳನ್ನು ಹುಡುಕುವುದು, ನೀರಿಗೆ ಟೆಮೆಫಾಸ್ ಹಾಕಿ ಸೈಕ್ಲಾಪ್ಸ್ ಕೊಲ್ಲುವುದು, ಕೈಪಂಪು ಹಾಕಿಸುವುದು, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡುವುದು. ಜೊತೆಗೆ, ಬಟ್ಟೆಯಲ್ಲಿ ನೀರು ಸೋಸಿ ಕುಡಿಯಿರೆಂದು ಮನೆಮನೆಗೆ ಹೇಳುವುದು.

ಸೋಸುವುದೇನೂ ಹೊಸದಲ್ಲ. ನಮ್ಮ ಜೈನರು ಶತಮಾನಗಳಿಂದ ನೀರನ್ನು ಸೋಸಿಯೇ ಕುಡಿಯುತ್ತ ಬಂದವರು. ಅವರ ಉದ್ದೇಶ ಮಾತ್ರ ತಿರುಗುಮುರುಗು, ಮನುಷ್ಯನಿಂದ ಜೀವಿಯನ್ನು ಉಳಿಸುವುದು. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಜಲಮೂಲಕ್ಕೆ ಮೆಲ್ಲಗೆ ಬಿಡಬೇಕೆಂಬ ನಿಯಮವೂ ಇದೆ. ಹಾಗಾದರೆ ಕುಡಿದವರೂ ಪಾರು, ಸೈಕ್ಲಾಪ್ಸೂ ಪಾರು! ಧರ್ಮದ ಆಚರಣೆಗಳಲ್ಲಿ ಹಿಂದಿನವರು ವಿಜ್ಞಾನ ಅಡಗಿಸಿಟ್ಟಿದ್ದರು ಎನ್ನುವವರ ಮುಂದೆ ನಾನು ಈ ನಿಯಮವನ್ನು ಇಡುತ್ತೇನೆ. ಅದು ಅಹಿಂಸೆಯ ಆಚರಣೆ. ಆರೋಗ್ಯ ಅದರ ಜೊತೆಗೆ ಬಂದದ್ದು.

ಮೆಟ್ಟಿಲು ಮುಚ್ಚಿ ಸಿಮೆಂಟಿನ ಕಟ್ಟೆ ಕಟ್ಟಿದ ಹಳ್ಳಿಬಾವಿಗಳನ್ನು ಕಂಡು ಪರಂಪರೆ ಹಾಳಾಯಿತೆಂದು ಮರುಗುವ ಗೆಳೆಯರು ನನಗಿದ್ದಾರೆ. ಆ ಕಟ್ಟೆ ಯಾಕೆ ಬಂತೆಂದು ಊರಿನ ಹಿರಿಯರನ್ನು ಒಮ್ಮೆ ಕೇಳಿ ನೋಡಿ ಎನ್ನುತ್ತೇನೆ. ಊರಬಾವಿಯ ಮೆಟ್ಟಿಲು ತುಳಿಯಲು ಬಿಡದೆ ಹಳ್ಳ, ಹೊಂಡಗಳಿಗೆ ಅಟ್ಟಿದ ಜನರ ನೀರಿನ ಕಥೆಯನ್ನೂ ಕೇಳಬೇಕು. ಪುಣ್ಯದ ಶಾಸನಗಳಲ್ಲಿ ಅದು ಸಿಗುವುದಿಲ್ಲ.

ದೇಶದ ಕೊನೆಯ ನಾರುಹುಣ್ಣಿನ ರೋಗಿ ಪತ್ತೆಯಾದದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಆಮೇಲೂ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಹುಡುಕಾಟ ನಡೆದೇ ಇತ್ತು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ದೃಢೀಕರಿಸಿತು.