ಭೀರುಸ್ವಭಾವವೂ ಅದರ ಚಿಕಿತ್ಸೆಯೂ

ಕೆಲವರ ಭಯಕ್ಕೆ ಕಾರಣವು ಹೊರಗಿರುವುದುಂಟು. ಹುಲಿಯು ಮರೆಯಾದೊಡನೆ ಭಯವೂ ಮರೆಯಾಗುವುದು. ಮತ್ತೆ ಕೆಲವರಲ್ಲಿ ಅದು ಸ್ವಭಾವದೊಡನೆಯೇ ಬೆರೆತು ನಿಲ್ಲುವುದು. ನಿಂದೆಗೆ ಅಂಜಿ ನಾಲ್ವರ ಸಂಗವನ್ನೇ ತೊರೆಯುವವನು, ಹೆರರನ್ನು ಕೇಳದೆ ಅಲ್ಪಕಾರ್ಯವನ್ನೂ ನಿಶ್ಚಯಿಸಲಾರದವನು, ತಪ್ಪಾದೀತೆಂದು ಕೈಕೊಂಡ ಕೆಲಸವನ್ನು ಮುಗಿಸದವನು, ಇವರನ್ನು ಲೋಕವು ಹೇಡಿಯೆಂದೂ ಸೋಮಾರಿಯೆಂದೂ ಛಾಂದಸನೆಂದೂ ಹಳಿಯುತ್ತ ಬಂದಿದೆ. ಹಳಿಯುವುದನ್ನು ಬಿಟ್ಟು ಅರಿಯಲೆಳಸಿದವರ ಚರಿತ್ರೆಯು ವಾಚಕರ ಗಮನಕ್ಕೆ ಅರ್ಹವಾದುದು.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಮನೋಬಲವನ್ನು ಪ್ರವರ, ಮಧ್ಯ, ಅವರವೆಂದು ಮೂರು ಬಗೆಯಾಗಿ ವಿಂಗಡಿಸಿದೆ. ಅವರಸತ್ತ್ವರು ದೇಹದಲ್ಲಿ ದೊಡ್ಡವರಾದರೂ ಅಲ್ಪವೇದನೆಯನ್ನು ತಾಳಲಾರರು; ಭಯಂಕರವಾದ ಕಥೆಯನ್ನು ಕೇಳಿದರೂ ಕುಗ್ಗುವರು. ಇದು ಇಂದಿನ ರೋಗನಾಮಗಳಿಗೆ ಸಮವಲ್ಲ. ಆದರೂ ವೈದ್ಯನು ರೋಗಿಯ ಧೈರ್ಯವನ್ನೂ ಪರೀಕ್ಷಿಸಬೇಕೆಂಬ ವಿವೇಕವು ಇಲ್ಲಿದೆ. ಅಹಿತವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವ ಚಿಕಿತ್ಸೆಗೆ ಅದೇ ಸಂಹಿತೆಯು ಸತ್ತ್ವಾವಜಯವೆಂದು ಹೆಸರಿಟ್ಟಿತು.

ಪಾಶ್ಚಾತ್ಯರಲ್ಲಿ 1869ರಲ್ಲಿ ಅಮೆರಿಕದ ಬಿಯರ್ಡನು ಇಂತಹ ಕ್ಲೇಶಗಳನ್ನು ನರದೌರ್ಬಲ್ಯದಲ್ಲಿ ಸೇರಿಸಿದನು. 1895ರಲ್ಲಿ ವಿಯೆನ್ನಾದ ಫ್ರಾಯ್ಡನು ಆತಂಕವನ್ನು ಅದರಿಂದ ಬೇರ್ಪಡಿಸಿದನು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ, ಮೊಲಕ್ಕೆ ಅಂಜುತ್ತಿದ್ದ ಬಾಲಕನೊಬ್ಬನು ಉಣ್ಣುವಾಗ ಮೊಲವನ್ನು ದಿನದಿನಕ್ಕೆ ಹತ್ತಿರ ತರಿಸಿದಳು. ಕಡೆಗೆ ಬಾಲಕನು ಅದನ್ನು ನೇವರಿಸಿದನು. ಬಯ್ಗುಳವು ಮಾಡಲಾರದುದನ್ನು ಕ್ರಮವಾದ ಪರಿಚಯವು ಮಾಡಿತು. ದಕ್ಷಿಣ ಆಫ್ರಿಕದ ವೋಲ್ಪನು 1958ರ ತನ್ನ ಗ್ರಂಥದಲ್ಲಿ ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಪದ್ಧತಿಯನ್ನು ವಿವರಿಸಿದನು. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಬೆಕ್ಕನು ಮನೋವ್ಯಥೆಯ ಹಿಂದಿನ ಆಲೋಚನೆಯನ್ನೇ ಪರೀಕ್ಷೆಗೊಡ್ಡುವ ಚಿಕಿತ್ಸೆಯನ್ನು ರೂಪಿಸಿದನು.

1980ರ ಅಮೆರಿಕದ ರೋಗವರ್ಗೀಕರಣವು ಜನಸಂಗದಿಂದ ದೂರ ಸರಿಯುವ, ಪರಾಶ್ರಯವನ್ನೇ ನಂಬುವ, ಅತಿನಿಯಮಕ್ಕೆ ಕಟ್ಟುಬೀಳುವ ಸ್ವಭಾವವಿಕಾರಗಳನ್ನು ಭಯಪ್ರಧಾನವಾದ ಒಂದೇ ವರ್ಗದಲ್ಲಿರಿಸಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವಾದರೋ ಈ ಹೆಸರುಗಳನ್ನು ಬಿಟ್ಟು, ವಿಕಾರದ ತೀವ್ರತೆಯನ್ನು ಮೊದಲು ಅಳೆಯುತ್ತದೆ. ಸ್ವಭಾವವೇ ರೋಗವಲ್ಲ, ಅದು ಬಾಳಿಗೂ ಬಾಂಧವ್ಯಕ್ಕೂ ಬಹುಕಾಲ ಅಡ್ಡಿಯಾದಾಗಲೇ ವಿಕಾರವೆನಿಸುವುದು.

ಕನ್ನಡನಾಡಿನಲ್ಲಿಯೂ ದೃಷ್ಟಿಯು ಬದಲಾಯಿತು. ಬೆಂಗಳೂರಿನ ಹುಚ್ಚರ ಆಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆಯಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು, ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. 1974ರಲ್ಲಿ ಈ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಈ ವಿಕಾರಗಳಿಗೆ ಮಾತಿನ ಚಿಕಿತ್ಸೆಯೇ ಮುಖ್ಯ. ಜೊತೆಗೂಡಿದ ಆತಂಕ, ವಿಷಾದಗಳಿಗೆ ಔಷಧವು ನೆರವಾಗುವುದು. ಮನೆಯವರ ಪಾತ್ರವೂ ಕಿರಿದಲ್ಲ. ಅಂಜುವವನ ಕೆಲಸವನ್ನೆಲ್ಲ ತಾವೇ ಮಾಡಿಕೊಟ್ಟರೆ ಅಂಜಿಕೆಯು ಬೆಳೆಯುವುದು. ಪರಿಹಾಸ್ಯ ಮಾಡಿದರೆ ಅದು ಅಡಗಿ ಕೂರುವುದು. ಜೊತೆಯಲ್ಲಿ ನಿಂತು ಒಂದೊಂದು ಹೆಜ್ಜೆಯನ್ನು ಅವನಿಂದಲೇ ಇಡಿಸುವುದು ಮೂರನೆಯ ದಾರಿ. ಪಂಡಿತರು ನೂರಾರು ವರ್ಷ ಶೋಧಿಸಿ ಕಂಡ ಈ ದಾರಿಯು, ಮಗುವಿಗೆ ನಡೆ ಕಲಿಸುವ ತಾಯಿಗೆ ಹೊಸದೇನೂ ಅಲ್ಲ.